ಗೋಡೆಯಾಚೆಯ ಗುಂಯ್ ಹಿಡಿದ ಕಿವಿ

ಬೆಳಿಗ್ಗೆ ಆರೂವರೆ. ವಿಶ್ವವಿದ್ಯಾಲಯದ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಇನ್ನೂ ಗಂಟೆ ಹೊಡೆದಿಲ್ಲ. ಮಾಧ್ಯಮ ಮತ್ತು ಸಂವಹನ ಕಟ್ಟಡದ ನೆಲಮಹಡಿಯಲ್ಲಿ ಒಬ್ಬ ಹೆಂಗಸು ಚಪ್ಪಲಿ ಹೊರಗೆ ಬಿಟ್ಟು, ಗೇಣುದಪ್ಪದ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಾರೆ. ಒಳಗೆ ಸದ್ದು ನುಗ್ಗದ ಪುಟ್ಟ ಕೋಣೆ. ಕುರ್ಚಿಯಲ್ಲಿ ಕೂತು, ತಲೆಗೂದಲು ಹಿಂದಕ್ಕೆ ತಳ್ಳಿ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಕಿಟಕಿಯ ಗಾಜಿನಾಚೆ ಯಂತ್ರದ ಮುಂದೆ ಕೂತ ವಿದ್ಯಾರ್ಥಿನಿ ಆಕಳಿಸುತ್ತಲೇ ಗುಂಡಿ ಒತ್ತುತ್ತಾಳೆ. ಸದ್ದು ಕೇಳಿದಾಗೆಲ್ಲ ಇವರ ಬೆರಳು ಮೇಲೇಳುತ್ತದೆ. ಬಲಗಿವಿಗೆ ಏಳು ಸ್ವರ, ಎಡಗಿವಿಗೆ ಏಳು. ನಿನ್ನೆ ಎಷ್ಟು ಮೆಲ್ಲಗೆ ಕೇಳಿತ್ತೋ ಇವತ್ತೂ ಅಷ್ಟೇ ಮೆಲ್ಲಗೆ ಕೇಳಿದರೆ ಯಂತ್ರ ನೆಟ್ಟಗಿದೆ ಎಂದರ್ಥ.

"ಯಂತ್ರಕ್ಕೆ ದಿನಾ ನಾನು ಪರೀಕ್ಷೆ ಮಾಡ್ತೀನೋ, ನನಗೆ ಯಂತ್ರ ಮಾಡುತ್ತೋ ಗೊತ್ತಿಲ್ಲ. ಇಬ್ಬರೂ ಪಾಸಾಗ್ತಾ ಇದೀವಿ," ಎಂದು ನಗುತ್ತಾರೆ ಅವರು.

ಇಡೀ ಕಟ್ಟಡ ಅವರನ್ನು ಕರೆಯುವುದು ಕಿವಿಯಕ್ಕ ಎಂದು. ಸಂಬಳದ ಪುಸ್ತಕದಲ್ಲಿ ಅವರು ಸಹಾಯಕಿ. ಈ ಕಟ್ಟಡದಲ್ಲಿ ಎರಡು ಬಗೆಯ ಪದವಿ ಓದು ನಡೆಯುತ್ತದೆ. ನೆಲಮಹಡಿಯ ಎಡಕ್ಕೆ ಸಿನಿಮಾ ಕಲಿಯುವವರು, ಬಲಕ್ಕೆ ಮಾತು ಮತ್ತು ಶ್ರವಣದ ತೊಂದರೆಗಳನ್ನು ಸರಿಪಡಿಸಲು ಕಲಿಯುವವರು. ಎಡದವರು ಸದ್ದು ಮಾಡುತ್ತಾರೆ, ಬಲದವರು ಸದ್ದು ಅಳೆಯುತ್ತಾರೆ. ನಡುವಿನ ಗೋಡೆ ಒಂದೇ. ಎರಡೂ ಕಡೆಯ ಬೀಗದ ಕೈಗಳು ಕಿವಿಯಕ್ಕನ ಸೊಂಟದಲ್ಲಿ.

ಹದಿನಾರು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ನೆಲ ಒರೆಸಲು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಗಂಡನಿಗೆ ಕಣ್ಣು ಮಂಜಾಗಿ, ಸೂಜಿಯ ಕಣ್ಣೇ ಕಾಣದಂತಾಗಿತ್ತು. ಇವರ ಓದು ಏಳನೇ ತರಗತಿಗೇ ನಿಂತಿತ್ತು. ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಮಗ್ಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡ ಅತ್ತೆ. "ನಮ್ಮತ್ತೆಗೆ ಗುಡುಗಿದ್ರೂ ಕೇಳಲ್ಲ. ಆದ್ರೆ ನಾನು ಅಡುಗೆಮನೆಯಲ್ಲಿ ಅವರ ಬಗ್ಗೆ ಗೊಣಗಿದ್ರೆ ಮಾತ್ರ ಅಕ್ಷರ ಬಿಡದೆ ಕೇಳುತ್ತೆ. ಅದ್ಯಾವ ಕಾಯಿಲೆ ಅಂತ ಇಲ್ಲಿಯ ಮೇಷ್ಟ್ರುಗಳಿಗೂ ತಿಳಿದಿಲ್ಲ."

ಒಂದು ದಿನ ವಿಭಾಗದ ಮುಖ್ಯಸ್ಥೆ, ಎಲ್ಲರೂ ಸಿಸ್ಟರ್ ಎನ್ನುವ ಸನ್ಯಾಸಿನಿ, ವಿದ್ಯಾರ್ಥಿಗಳ ಅಭ್ಯಾಸಕ್ಕೆ ಯಾರೂ ಸಿಗದೆ ಇವರನ್ನೇ ಕರೆದರು. "ಬಕೆಟ್ ಇಟ್ಟು ಒಂದು ನಿಮಿಷ ಇಲ್ಲಿ ಕೂತ್ಕೊಳ್ಳಿ." ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ. ಪಟ್ಟಿಯಲ್ಲಿ ಬಂದ ಗೆರೆ ನೋಡಿ ಸಿಸ್ಟರ್ ಹುಬ್ಬೇರಿಸಿದರು. ಅಷ್ಟು ಚುರುಕು ಕಿವಿ ಆ ಕೋಣೆಯಲ್ಲಿ ಅಪರೂಪಕ್ಕೂ ಕೂತಿರಲಿಲ್ಲ.

ಈಗ ದಿನಕ್ಕೆ ಹನ್ನೆರಡರಿಂದ ಹದಿನೈದು ಮಂದಿಗೆ ಇಲ್ಲಿ ಪರೀಕ್ಷೆ. ಅವರಲ್ಲಿ ಅರ್ಧ ಮಕ್ಕಳು. ಕಿವಿಯಕ್ಕ ಹೆಡ್‌ಫೋನ್ ಒರೆಸಿಡುತ್ತಾರೆ, ತಾಯಂದಿರಿಗೆ ನೀರು ಕೊಡುತ್ತಾರೆ, ಅಳುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೂ ಕೋಣೆಯೊಳಗೆ ಹೋಗುತ್ತಾರೆ. ಸದ್ದು ಕೇಳಿದಾಗ ಮಗು ಡಬ್ಬಿಗೊಂದು ಮರದ ತುಂಡು ಹಾಕಬೇಕು. ಅದೇ ಆಟ, ಅದೇ ಪರೀಕ್ಷೆ.

ಹೋದ ವರ್ಷ ರಜೆ ಮುಗಿದು ಕಾಲೇಜು ಶುರುವಾದ ವಾರ, ನಾಲ್ಕು ವರ್ಷದ ಒಬ್ಬ ಹುಡುಗಿ ಅವರ ತೊಡೆಯೇರಿದಳು. ಹೊತ್ತು ಹನ್ನೊಂದು. ಸಣ್ಣ, ಚೂಪು ಸದ್ದಿಗೆಲ್ಲ ಮಗು ಟಪಟಪ ತುಂಡು ಹಾಕಿತು. ದಪ್ಪ ಸದ್ದು ಬಂದಾಗ ಸುಮ್ಮನೆ ಡಬ್ಬಿ ನೋಡುತ್ತ ಕೂತಿತು. ಗಾಜಿನಾಚೆಯ ವಿದ್ಯಾರ್ಥಿ ಗುರುತು ಹಾಕಿಕೊಂಡ. ಆ ವಾರ ಹೀಗೆ ಕೆಳದನಿ ಕೇಳದ ಮೂರನೇ ಮಗು ಇದು.

ಕಿವಿಯಕ್ಕನಿಗೆ ಮಾತ್ರ ಇನ್ನೇನೋ ಕೇಳುತ್ತಿತ್ತು. ಬೆನ್ನು ಗೋಡೆಗೆ ತಾಗಿದಾಗ ಮೈಯೊಳಗೇ ಗುಂಯ್ ಎಂದಂತೆ.

ಹೊರಬಂದ ಕೂಡಲೇ ಅದನ್ನು ಹೇಳಿದರು. ವಿದ್ಯಾರ್ಥಿ ಬೆಳಗಿನ ಯಂತ್ರಪರೀಕ್ಷೆಯ ಪಟ್ಟಿ ತೋರಿಸಿದ, ಎಲ್ಲ ಸರಿಯಿತ್ತು. ಸಿಸ್ಟರ್ ಯಂತ್ರ ನೋಡುವವನನ್ನು ಕರೆಸಿದರು. ಅವನು ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ಸದ್ದಳೆಯುವ ಮೀಟರ್ ಹಿಡಿದು, ಏನೂ ಇಲ್ಲವೆಂದ. ಹೋಗುವಾಗ, "ಅಕ್ಕನಿಗೆ ವಯಸ್ಸಾಯ್ತು ಸಿಸ್ಟರ್, ಕಿವಿಯೇ ಗುಂಯ್ ಅಂತಿರಬೇಕು," ಎಂದು ನಕ್ಕ.

ಆ ಮಾತು ನಾಟಿತು. "ಮನೆಗೆ ಹೋಗಿ ದಿಂಬಿಗೆ ಕಿವಿ ಒತ್ತಿ ಒತ್ತಿ ನೋಡಿದೆ. ಏನೂ ಇರಲಿಲ್ಲ. ನನ್ನ ಕಿವಿ ಹೋದ್ರೆ ಮತ್ತೆ ಬಕೆಟ್ ಹಿಡೀತೀನಿ, ಅದಕ್ಕೇನು. ಆ ಮಗುಗೆ ಇಲ್ಲದ ಕಾಯಿಲೆ ಇದೆ ಅಂತ ಬರೆದ್ರೆ? ಅವರಮ್ಮ ಬೆಂಚಿನ ಮೇಲೆ ಕೂತು ಮಗು ಕಿವಿಯನ್ನೇ ಸವರ್ತಾ ಇದ್ಲು."

ಮರುದಿನ ಅವರು ಗಡಿಯಾರ ನೋಡುತ್ತ ಕೋಣೆಗೆ ಹೋಗಿ ಬಂದು ಮಾಡಿದರು. ಒಂಬತ್ತಕ್ಕೆ ಸದ್ದಿಲ್ಲ. ಹತ್ತೂವರೆಗೆ ಗುಂಯ್. ಊಟದ ಹೊತ್ತಿಗೆ ಮತ್ತೆ ನಿಶ್ಶಬ್ದ. ಸಿನಿಮಾದವರ ಸಂಕಲನ ಕೋಣೆ ತೆರೆಯುವುದು ಹತ್ತಕ್ಕೆ, ಅವರು ಊಟಕ್ಕೆ ಏಳುವುದು ಒಂದಕ್ಕೆ. ಆ ಕೋಣೆಯ ಕಂಪ್ಯೂಟರುಗಳಿಗೆಂದು ರಜೆಯಲ್ಲಿ ಹೊಸ ಏಸಿ ಕೂರಿಸಿದ್ದರು, ಅದೂ ಇದೇ ಗೋಡೆಗೆ ಬಿಗಿದು. ಕಂಪ್ಯೂಟರು ಬಿಸಿಯಾದಾಗ ಏಸಿ ಜೋರಾಗಿ ಓಡುತ್ತಿತ್ತು, ಅದರ ಗುಂಯ್‌ನಲ್ಲಿ ಪರೀಕ್ಷೆಯ ದಪ್ಪ ಸದ್ದು ಮುಳುಗಿಹೋಗುತ್ತಿತ್ತು.

ಬರೀ ಮಾತಿಗೆ ಯಾರೂ ಕಿವಿಗೊಡುವುದಿಲ್ಲವೆಂದು ಈಗವರಿಗೆ ಗೊತ್ತಿತ್ತು. ಮೂರನೇ ವರ್ಷದ ಸಿನಿಮಾ ವಿದ್ಯಾರ್ಥಿನಿಯೊಬ್ಬಳನ್ನು ಹಿಡಿದರು. "ಮಗಾ, ನಿನ್ನ ಮೈಕು ತಗೊಂಡು ನನ್ನ ಕೋಣೆಗೆ ಬಾ."

"ಏನು ರೆಕಾರ್ಡ್ ಮಾಡ್ಬೇಕು ಅಕ್ಕ?"

"ಏನೂ ಇಲ್ಲದ್ದನ್ನ."

ಹುಡುಗಿ ತಲೆ ಕೆರೆದುಕೊಂಡು ಬಂದಳು. ಖಾಲಿ ಕೋಣೆಯಲ್ಲಿ ಐದು ನಿಮಿಷ ಮೈಕು ಇಟ್ಟಳು. ಕಂಪ್ಯೂಟರಿನ ಪರದೆ ಮೇಲೆ ಮಟ್ಟಸವಾಗಿ ಇರಬೇಕಿದ್ದ ಗೆರೆ ಒಂದೇ ಸಮನೆ ನಡುಗುತ್ತಿತ್ತು. ಸದ್ದು ಹಿಗ್ಗಿಸಿ ಕೇಳಿಸಿದಾಗ ಸಿಸ್ಟರ್ ಕುರ್ಚಿ ಬಿಟ್ಟೆದ್ದರು. ಅಂದೇ ಪರೀಕ್ಷೆಗಳು ನಿಂತವು. ಎರಡೇ ದಿನದಲ್ಲಿ ಏಸಿ ಹೊರಗೋಡೆಗೆ ಹೋಯಿತು. ಮೂರೂ ಮಕ್ಕಳ ಮನೆಗೆ ಸಿಸ್ಟರ್ ತಾವೇ ಫೋನ್ ಮಾಡಿ ವಾಪಸು ಕರೆಸಿದರು.

ಒಂದು ಮಗುವಿಗೆ ನಿಜಕ್ಕೂ ಕಿವಿ ಮಂದವಿತ್ತು. ಅದಕ್ಕೆ ಶ್ರವಣಯಂತ್ರ ಬಂತು, ಈಗ ವಾರವಾರ ಮಾತು ಕಲಿಯಲು ಬರುತ್ತದೆ. ಉಳಿದಿಬ್ಬರ ಕಿವಿ ಸರಿಯಾಗಿತ್ತು. ತೊಡೆಯೇರಿದ್ದ ಆ ಹುಡುಗಿ ಅತಿ ಮೆಲ್ಲನೆಯ ದಪ್ಪ ಸದ್ದಿಗೂ ತುಂಡು ಹಾಕಿ, ಡಬ್ಬಿ ತುಂಬಿದ ಮೇಲೆ ಕಿವಿಯಕ್ಕನ ಜೇಬಿಗೂ ತುಂಬಿದಳು. ಅವಳಮ್ಮ ಬೆಂಚಿನ ಮೇಲೆ ಕೂತು ಅಳುತ್ತಲೇ ನಕ್ಕಳು.

ಈ ಕಥೆಯನ್ನು ಸಿಸ್ಟರ್ ಈಗ ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಹೇಳುತ್ತಾರಂತೆ. "ಮೀಟರ್ ಸುಳ್ಳು ಹೇಳಲಿಲ್ಲ. ನಾವು ತಪ್ಪು ಹೊತ್ತಿನಲ್ಲಿ ಕೇಳಿದ್ದೆವು. ಸರಿಯಾದ ಹೊತ್ತು ಹುಡುಕಿದ್ದು ಅವರು," ಎನ್ನುತ್ತಾರೆ. ಯಂತ್ರದವನು ಈಗ ಬಂದರೆ ಮೊದಲು ಕಿವಿಯಕ್ಕನನ್ನೇ ಕೇಳುತ್ತಾನೆ. "ಅವನ ಮೇಲೆ ಕೋಪ ಇಲ್ಲ. ಟೀ ಮಾತ್ರ ಸ್ವಲ್ಪ ಸಪ್ಪಗೆ ಕೊಡ್ತೀನಿ," ಎನ್ನುತ್ತಾರೆ ಇವರು.

ಏನಾದರೂ ಆಸೆ ಇದೆಯೇ ಎಂದರೆ ಮೊದಲು ಇಲ್ಲವೆಂದರು. ಆಮೇಲೆ ಬೀಗದ ಕೈಗೊಂಚಲು ತಿರುಗಿಸುತ್ತ ಗೋಡೆಯತ್ತ ಬೆರಳು ಮಾಡಿದರು. ಸಿನಿಮಾ ಮಕ್ಕಳು ವರ್ಷದ ಕೊನೆಗೆ ತಮ್ಮ ಚಿತ್ರ ತೋರಿಸುವುದು ಸಂಜೆ ಏಳಕ್ಕೆ. ಅಷ್ಟರಲ್ಲಿ ಇವರ ಕೊನೆಯ ಬಸ್ಸು ಹೊರಟಿರುತ್ತದೆ.

"ಹದಿನಾರು ವರ್ಷದಿಂದ ಗೋಡೆಯಾಚೆ ಆ ಮಕ್ಕಳ ಸಿನಿಮಾ ಕೇಳ್ತಾ ಇದೀನಿ. ಒಂದೂ ನೋಡಿಲ್ಲ. ಈ ಸಲದ್ದರಲ್ಲಿ ಒಬ್ಬಳು ಗೆಜ್ಜೆ ಕಟ್ಟಿಕೊಂಡೇ ಮೆಟ್ಟಿಲು ಇಳಿದು ಓಡ್ತಾಳೆ. ನಲವತ್ತು ಸಲ ಓಡಿಸಿದ್ರು, ಎಣಿಸಿದೀನಿ. ಯಾಕೆ ಓಡಿದ್ಲು ಅಂತ ಒಂದು ಸಲ ಕೂತು ನೋಡ್ಬೇಕು."