ಎಂಟೂವರೆ ಅಡಿಯ ಹಗ್ಗ

ಮೊಮ್ಮಗಳ ಗಣಿತದ ಪುಸ್ತಕದಲ್ಲಿ ಒಂದು ಚಿತ್ರವಿದೆ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ. ಎಲ್ಲಕ್ಕಿಂತ ಒಳಗೆ ಒಂದು, ಎರಡು, ಮೂರು ಎಂದು ಎಣಿಸುವ ಸ್ವಾಭಾವಿಕ ಸಂಖ್ಯೆಗಳು. ಅವಕ್ಕೆ ಸೊನ್ನೆ ಸೇರಿದರೆ ಅದರಾಚೆಯ ಡಬ್ಬಿ, ಋಣ ಸಂಖ್ಯೆಗಳೂ ಸೇರಿದರೆ ಪೂರ್ಣಾಂಕಗಳ ಡಬ್ಬಿ, ಅರ್ಧ ಕಾಲು ಮುಕ್ಕಾಲುಗಳೆಲ್ಲ ಬಂದರೆ ಭಾಗಲಬ್ಧಗಳ ದೊಡ್ಡ ಡಬ್ಬಿ. ಪಕ್ಕದಲ್ಲಿ, ಇವರ್ಯಾರ ಸಹವಾಸವೂ ಬೇಡವೆಂಬಂತೆ, ಯಾವ ಭಿನ್ನರಾಶಿಯಾಗಿಯೂ ಬರೆಯಲಾಗದ ಅಭಾಗಲಬ್ಧ ಸಂಖ್ಯೆಗಳು. ಮೊನ್ನೆ ಸಂಜೆ ಅವಳು, "ತಾತ, ಎರಡರ ವರ್ಗಮೂಲ ಯಾವ ಡಬ್ಬಿಗೆ?" ಎಂದು ಕೇಳಿದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದಕ್ಕೂ ಮೊದಲು ಒದ್ದೆಯಾದ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಂದಂತಾಯಿತು. ಮನೆಯಲ್ಲಿ ಅಂಥ ಹಗ್ಗ ಇಲ್ಲ. ಹಾಗಾದರೆ ವಾಸನೆ ಎಲ್ಲಿಂದ ಬಂತು ಎಂದು ನೀವು ಕೇಳಿದರೆ, ಜಾವಳಿಯ ಕಡೆಯ ಒಂದು ಕಾಫಿ ತೋಟಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕಾಗುತ್ತದೆ.

ಅದು ಬ್ರಿಟಿಷರ ಕಾಲ. ನಾನು ಇಂಟರ್‌ಮೀಡಿಯೆಟ್ ಮುಗಿಸಿ ಆ ತೋಟಕ್ಕೆ ಲೆಕ್ಕಪತ್ರ ಬರೆಯುವ ರೈಟರಾಗಿ ಸೇರಿದ್ದೆ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅದನ್ನು ಯಾರೂ ಕೇಳದಿದ್ದರೂ ಹೇಳುವ ಅಭ್ಯಾಸ ನನಗಿತ್ತು. ಕೇಳಿಸಿಕೊಳ್ಳುವ ಕರ್ಮ ಹೆಚ್ಚಾಗಿ ಈರಪ್ಪ ಮೇಸ್ತ್ರಿಯದು. ನನಗಿಂತ ಮೂವತ್ತು ವರ್ಷ ದೊಡ್ಡವರು, ಓದು ಬರಹ ಇಲ್ಲ. ಆಳುಗಳನ್ನು ನಡೆಸುವುದು, ಹೊಸ ಗಿಡಕ್ಕೆ ಜಾಗ ಗುರುತು ಮಾಡುವುದು ಅವರ ಕೆಲಸ. ಹೆಗಲ ಮೇಲೆ ಸದಾ ಅಳತೆಯ ಹಗ್ಗದ ಸುರುಳಿ. ಅದು ಯಾರ ಹೆಗಲ ಮೇಲಿದೆಯೋ ಅವರೇ ಮೇಸ್ತ್ರಿ ಎಂದು ತೋಟದಲ್ಲಿ ಎಲ್ಲರಿಗೂ ಗೊತ್ತು.

ಈರಪ್ಪನವರ ಸೊಂಟದಲ್ಲಿ ಒಂದು ದಾರವಿರುತ್ತಿತ್ತು. ನೆಟ್ಟ ಸಾಲೊಂದಕ್ಕೆ ಒಂದು ಗಂಟು. ಮಳೆ ಹೊಡೆದು ಕೆಲಸವೇ ಆಗದ ದಿನ ಗಂಟಿಲ್ಲ, ಬೆರಳಗಲ ಖಾಲಿ ಜಾಗ. ಸತ್ತುಹೋದ ಸಾಲಿಗೆ ತಿರುವಿ ಹಾಕಿದ ಎಡಗಂಟು. ಅರ್ಧ ಮುಗಿದ ಸಾಲಿಗೆ ಕೆಂಪು ನೂಲಿನ ಸುತ್ತು. ಈಗ ಪುಸ್ತಕದ ಡಬ್ಬಿಗಳನ್ನು ನೋಡಿದರೆ, ಎಲ್ಲವೂ ಆ ದಾರದಲ್ಲಿ ಇದ್ದವಲ್ಲ ಎನ್ನಿಸುತ್ತದೆ. ಆಗ ನನಗೆ ಅದು ಬರೀ ನಗುವ ವಿಷಯವಾಗಿತ್ತು.

ಆ ವರ್ಷ ದಿಣ್ಣೆಯ ಮೇಲಿನ ಚಚ್ಚೌಕದ ಜಾಗದಲ್ಲಿ ಆರಡಿಗೊಂದು ಗಿಡ ನೆಡಬೇಕಿತ್ತು. ಅಲ್ಲಿ ನಿಂತರೆ ದೂರದಲ್ಲಿ ದೇವರಮನೆಯ ಗುಡ್ಡ ಕಾಣುತ್ತಿತ್ತು. ಈರಪ್ಪನವರು ನಾಲ್ಕೂ ಅಂಚಿಗೆ ಆರಾರಡಿಗೆ ಗೂಟ ಹೊಡೆಸಿದ್ದರು. ಇನ್ನು ಎದುರು ಬದುರು ಗೂಟಗಳ ನಡುವೆ ಹಗ್ಗ ಎಳೆಯುವುದು, ಎರಡು ಹಗ್ಗ ಒಂದನ್ನೊಂದು ದಾಟಿದಲ್ಲಿ ಗಿಡ. ನಿಧಾನದ ಕೆಲಸ. ನಾನು ಬುದ್ಧಿ ಹೇಳಲು ಹೋದೆ. ಮೂಲೆಯಿಂದ ಮೂಲೆಗೆ ಒಂದೇ ಸಾಲು ಗೂಟ ಹೊಡೆದರೆ ಉಳಿದದ್ದೆಲ್ಲ ಅದರಿಂದಲೇ ಸಿಗುತ್ತದೆ, ಆರಡಿ ಚೌಕದ ಕರ್ಣ ಎಂಟೂವರೆ ಅಡಿ ಎಂದೆ. ಕರಾರುವಾಕ್ಕಾಗಿ ಎಂಟೂವರೆ ಅಲ್ಲ, ಆರನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಕೂದಲೆಳೆಯಷ್ಟು ಕಡಿಮೆ ಎಂದು ನನಗೆ ಗೊತ್ತಿತ್ತು. ಕೂದಲೆಳೆಯನ್ನು ಯಾರು ಕೇಳುತ್ತಾರೆ?

"ಮೂಲೆ ಅಳತೆಗೆ ಗಂಟು ಹಾಕ್ಬಾರ್ದು ರೈಟ್ರೇ," ಎಂದರು ಈರಪ್ಪ. "ಅದು ಲೆಕ್ಕಕ್ಕೆ ಸಿಗಲ್ಲ. ಹಗ್ಗಕ್ಕೆ ಗೊತ್ತಿರ್ತದೆ, ಬಾಯಲ್ಲಿ ಹೇಳಕ್ಕೆ ಬರಲ್ಲ."

ನಾನು ನಕ್ಕು, ಅವರ ಹಗ್ಗದಲ್ಲೇ ಎಂಟೂವರೆ ಅಡಿಗೆ ಬಟ್ಟೆ ಚೂರು ಕಟ್ಟಿಸಿದೆ. ಹಗ್ಗವನ್ನು ಗೂಟದಿಂದ ಗೂಟಕ್ಕೆ ಸರಿಸುತ್ತ ಹೋದೆವು. ಅರವತ್ತನೆಯ ಗೂಟ ಎದುರು ಮೂಲೆಯಲ್ಲಿದ್ದ ಈರಪ್ಪನವರ ಗೂಟದ ಮೇಲೇ ಬೀಳಬೇಕಿತ್ತು. ಅದು ಒಂದು ಗೇಣು ಮೀರಿ ಆಚೆಗೆ ಬಿತ್ತು. ಅರವತ್ತು ಕೂದಲೆಳೆ ಸೇರಿದರೆ ಎಷ್ಟಾಗುತ್ತದೆಂದು ಆಗ ಕಂಡೆ.

ಅಷ್ಟರಲ್ಲಿ ಕುದುರೆಯ ಮೇಲೆ ತೋಟದ ಮಾಲೀಕರಾದ ಸಾಹುಕಾರರು ಬಂದರು. ಒಂದೇ ಮೂಲೆಗೆ ಎರಡು ಗೂಟ ನೋಡಿ ಅವರ ಮುಖ ಗಂಟಾಯಿತು.

"ನಿಮ್ಮ ಲೆಕ್ಕ ಸರಿ ಇದ್ಯೇನ್ರೀ ರೈಟ್ರೇ?"

"ಸರಿ ಇದೆ," ಎಂದೆ.

ಎಷ್ಟು ಚಿಕ್ಕ ಮಾತು ನೋಡಿ. ಸಾಹುಕಾರರು ಈರಪ್ಪನವರ ಕಡೆ ತಿರುಗಿ, "ವಯಸ್ಸಾಯ್ತು ನಿಂಗೆ. ಹಗ್ಗ ಇಳಿಸು, ನಾಳೆಯಿಂದ ಗುಂಡಿ ಹೊಡಿ" ಎಂದರು. ಈರಪ್ಪನವರು ನನ್ನ ಮುಖವನ್ನು ಒಮ್ಮೆ ನೋಡಿ, ಹಗ್ಗವನ್ನು ನೀಟಾಗಿ ಸುತ್ತಿ ನನ್ನ ಕಾಲ ಬಳಿ ಇಟ್ಟರು.

ಸಾಹುಕಾರರ ಬಳಿ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಅವತ್ತೇ ನಿಶ್ಚಯ ಮಾಡಿದೆ. ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಸರಿಯಾದ ಅಳತೆಯನ್ನು ಕಂಡುಹಿಡಿದೇ ಹೋಗೋಣ, ಮಾನ ಉಳಿಯುತ್ತದೆ ಎಂದುಕೊಂಡೆ. ಬರವಣಿಗೆಯ ನಡುವೆ ಬಿಡುವಾದಾಗಲೆಲ್ಲ ಕಾಗದ ಹಿಡಿದು ಕೂತೆ. ಎಂಟಡಿ ಐದು ಮುಕ್ಕಾಲು ಇಂಚು ಎಂದರೆ ಕಡಿಮೆ. ಐದು ಇಂಚಿನ ಮೇಲೆ ಆರರಲ್ಲಿ ಐದು ಪಾಲು ಎಂದರೆ ಹೆಚ್ಚು. ನಡುವೆ ಹೊಕ್ಕರೆ ಇನ್ನೊಂದು ಭಿನ್ನರಾಶಿ, ಅದೂ ತಪ್ಪು. ಯಾವ ಭಿನ್ನರಾಶಿಯೂ ಅಲ್ಲಿಗೆ ಮುಟ್ಟುವುದಿಲ್ಲ ಎಂಬುದಕ್ಕೆ ಕಾಲೇಜಿನಲ್ಲಿ ಸಾಧನೆ ಬರೆದು ಪೂರ್ತಿ ಅಂಕ ತೆಗೆದವನು ನಾನೇ. ಕಿಟಕಿಯಾಚೆ ಈರಪ್ಪನವರು, ಮೊನ್ನೆ ಮೊನ್ನೆಯವರೆಗೆ ತಾವೇ ಹೆಸರು ಹಿಡಿದು ಕೂಗುತ್ತಿದ್ದ ಹುಡುಗರ ಸಾಲಿನಲ್ಲಿ ನಿಂತು ಗುದ್ದಲಿ ಎತ್ತುತ್ತಿದ್ದರು. ಹುಡುಗರು ಅವರನ್ನು ನೋಡದ ಹಾಗೆ ತಲೆ ತಗ್ಗಿಸಿಕೊಂಡಿರುತ್ತಿದ್ದರು. ನಾನೂ ತಲೆ ತಗ್ಗಿಸಿ ಭಾಗಿಸುತ್ತಿದ್ದೆ.

ನಾಲ್ಕನೆಯ ದಿನ ಕಾಗದ ಹರಿದು ಹಾಕಿ ಬಂಗಲೆಗೆ ಹೋದೆ. ಸಾಹುಕಾರರು ಪೂರ್ತಿ ಕೇಳಿಸಿಕೊಂಡು, "ಹಗ್ಗ ನೀವೇ ಹೊತ್ಕೊಂಡು ಹೋಗಿ, ಎಲ್ಲರೆದುರಿಗೆ ಕೊಡಿ" ಎಂದರು. ಕೊಟ್ಟೆ. ಈರಪ್ಪನವರು ಕೈಯ ಮಣ್ಣು ಒರೆಸಿಕೊಂಡು, ಮೊದಲು ನನ್ನ ಬಟ್ಟೆ ಚೂರನ್ನು ಬಿಚ್ಚಿದರು, ಆಮೇಲೆ ಹಗ್ಗ ಹೆಗಲಿಗೇರಿಸಿದರು.

"ತಪ್ಪು ನನ್ನದು ಅಂತ ನಿಮಗೆ ಅವತ್ತೇ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?" ಎಂದೆ.

"ನಾ ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರು ಮಾರಾಯ್ರೆ. ನಂಗಾದ್ರೆ ಗುದ್ದಲಿ ಹಿಡಿಯಕ್ಕೆ ಬರ್ತದೆ. ನಿಮಗೆ ಎಂತ ಬರ್ತದೆ?"

ನಿಜ ಹೇಳಬೇಕೆಂದರೆ, ಈ ಕಥೆಯನ್ನು ಇಷ್ಟು ವರ್ಷ ಎಷ್ಟೋ ಜನರಿಗೆ ಹೇಳಿದ್ದೇನೆ. ಓದು ಬಾರದ ಮೇಸ್ತ್ರಿಯೊಬ್ಬರಿಗೆ ಎರಡರ ವರ್ಗಮೂಲದ ಸ್ವಭಾವ ಗೊತ್ತಿತ್ತು ಎಂದು ಬೆರಗಿನಿಂದ ಹೇಳುತ್ತಿದ್ದೆ. ನಡುವಿನ ದಿನಗಳನ್ನು ಜಾಣತನದಿಂದ ಹಾರಿಸಿಬಿಡುತ್ತಿದ್ದೆ. ಮೊನ್ನೆ ಮಾತ್ರ, ಯಾಕೋ ಗೊತ್ತಿಲ್ಲ, ಮೊಮ್ಮಗಳಿಗೆ ಏನೂ ಬಿಡದೆ ಹೇಳಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಕೇಳಿಸಿಕೊಂಡಳು. ವರ್ಗಮೂಲವನ್ನು ಸರಿಯಾದ ಡಬ್ಬಿಗೆ ಬರೆದಳು. ಆಮೇಲೆ ತಲೆಯೆತ್ತಿ, "ಅಳತೆ ಸಿಗಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಲ್ಲ ತಾತ, ಮತ್ತೆ ನಾಲ್ಕು ದಿನ ಯಾಕೆ ಬೇಕಾಯ್ತು?" ಎಂದಳು.

ನಾನು ಪುಸ್ತಕ ನೋಡಿದೆ. ನಾಲ್ಕು ಎಲ್ಲಕ್ಕಿಂತ ಒಳಗಿನ ಡಬ್ಬಿಯಲ್ಲಿತ್ತು. ಚಿಕ್ಕ ಮಕ್ಕಳೂ ಬೆರಳು ಮಡಚಿ ಎಣಿಸಬಹುದಾದ ಸಂಖ್ಯೆ.