ಎರಡು ಗಂಟೆ ಬಸ್ಸಿಗೆ ಹೋದ ಪಟ್ಟಿ

ಎಂಬತ್ತರ ದಶಕದ ಕೊನೆಯಲ್ಲಿ ಕೊರಟಗೆರೆಯ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಡಂ. ಶಾಲೆಗೆ ಬಂದಿದ್ದ ಒಂದೇ ಒಂದು ಕಂಪ್ಯೂಟರನ್ನು ಮುಟ್ಟಲು ಬರುತ್ತಿದ್ದುದು ನನಗೊಬ್ಬಳಿಗೇ. ಆ ಜಂಬವೂ ಸಾಕಷ್ಟಿತ್ತು. ಅದರಲ್ಲೇ ಮಾಡಿ ಕಳಿಸಿದ್ದ ಎಸ್ಸೆಸ್ಸೆಲ್ಸಿ ಪಟ್ಟಿ ತುಮಕೂರಿನ ಶಿಕ್ಷಣ ಇಲಾಖೆ ಕಚೇರಿಯಿಂದ ವಾಪಸ್ಸು ಬಂತು. ಚನ್ನರಾಯನದುರ್ಗದ ಮಕ್ಕಳು ತಮ್ಮೂರಿನ ಹೆಸರನ್ನು ಬಾಯಲ್ಲಿ ಹೇಳುವ ಹಾಗೇ ಬರೀ ‘ದುರ್ಗ’ ಎಂದು ಬರೆದುಕೊಟ್ಟಿದ್ದರು. ಊರಿನ ಪೂರ್ತಿ ಹೆಸರಿರುವ ಪಟ್ಟಿ ಅಂದು ಸಂಜೆಯೊಳಗೆ ಮುಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಎರಡು ಗಂಟೆ ಬಸ್ಸಿಗೆ ಅದನ್ನು ಒಯ್ಯಬೇಕಿದ್ದವನು ನಮ್ಮ ಅಟೆಂಡರ್. ಆತನ ಮಗಳೂ ಪಟ್ಟಿಯಲ್ಲಿದ್ದಳು, ಅವರ ಮನೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಬಂದ ಮೊದಲನೆಯವಳು.

ಸಾಲಿನೊಳಗೆ ಒಂದು ಪದ ಎಲ್ಲಿದೆ ಎಂದು ಹುಡುಕಿಕೊಡುವ ಆಜ್ಞೆ ಆ ಕಂಪ್ಯೂಟರಿನ ಬೇಸಿಕ್ ಭಾಷೆಯಲ್ಲಿತ್ತು, ಬದಲಿಸುವ ಆಜ್ಞೆ ಇರಲಿಲ್ಲ. ಸಾಲನ್ನು ಕತ್ತರಿಸಿ ಎಡದ ತುಂಡು, ಹೊಸ ಪದ, ಬಲದ ತುಂಡು ಮೂರನ್ನೂ ನಾವೇ ಜೋಡಿಸಬೇಕು. ‘ದುರ್ಗ’ ಸಿಕ್ಕಷ್ಟು ಸಲವೂ ‘ಚನ್ನರಾಯನದುರ್ಗ’ ಹಾಕು ಎಂದು ಬರೆದು ಓಡಿಸಿದೆ. ಮೊದಲ ಸಾಲೇ ಮುಗಿಯಲಿಲ್ಲ. ಹಾಕಿದ ಹೊಸ ಪದದೊಳಗೂ ದುರ್ಗ ಇತ್ತಲ್ಲ, ಅದನ್ನೇ ಮತ್ತೆ ಹುಡುಕಿ, ಮತ್ತೆ ಹಾಕಿ, ಸಾಲು ಹನುಮಂತನ ಬಾಲದಂತೆ ಬೆಳೆದು ಯಂತ್ರ ನಿಂತುಬಿಟ್ಟಿತು.

“ಕೈಯಲ್ಲಿ ಬರ್ದಿದ್ರೆ ಇಷ್ಟೊತ್ತಿಗೆ ಮುಗ್ದೋಗ್ತಿತ್ತು ಕಣಮ್ಮ,” ಎಂದರು ಹೆಡ್‌ಮಾಸ್ಟರು. ಗಂಟೆ ಒಂದೂವರೆ. ನನಗೆ ಮೈಯೆಲ್ಲ ಉರಿಯಿತು. ಸಾಲಿಗೆ ಒಂದೇ ಸಲ ಬದಲಿಸುವಂತೆ ತಿದ್ದಿದೆ. ಪ್ರಿಂಟರ್ ಕಿರುಗುಟ್ಟುತ್ತ ಪಟ್ಟಿ ಕಕ್ಕಿತು. ಸಹಿ, ಸೀಲು ಬಿದ್ದದ್ದೇ ತಡ, ಅಟೆಂಡರ್ ಓಡಿದ.

ಉಳಿದ ಪ್ರತಿಯ ಮೇಲೆ ಬೆರಳಾಡಿಸಿದೆ. ಒಂದು ಸಾಲಿನಲ್ಲಿ ‘ಚನ್ನರಾಯನಚನ್ನರಾಯನದುರ್ಗ’ ಎಂದಿತ್ತು. ಒಂದು ಹುಡುಗಿ ಮಾತ್ರ ಮೊದಲೇ ಪೂರ್ತಿ ಹೆಸರು ಬರೆದಿದ್ದಳು. ಅದರೊಳಗಿನ ದುರ್ಗವನ್ನೂ ನನ್ನ ಪ್ರೋಗ್ರಾಂ ಬಿಟ್ಟಿರಲಿಲ್ಲ. ಅವಳೇ ಅಟೆಂಡರನ ಮಗಳು. ಫಾರಂ ತುಂಬುವ ದಿನ “ಪೂರ್ತಿ ಬರೀಲಾ ಮಿಸ್?” ಎಂದು ಕೇಳಿದ್ದವಳು ಅವಳೊಬ್ಬಳೇ.

ಸೆರಗು ಸಿಕ್ಕಿಸಿಕೊಂಡು ಓಡಿದೆ. ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು, ಡ್ರೈವರ್ ಕೈಲಿ ಬೈಸಿಕೊಂಡು ಹತ್ತಿದೆ. ಅಟೆಂಡರನಿಗೆ ಆ ಸಾಲು ತೋರಿಸಿದೆ. ಹೆಚ್ಚಾದದ್ದನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ತುಮಕೂರಿನಲ್ಲಿ ಗುಮಾಸ್ತರು ಅಲ್ಲೇ ಬೆರಳಿಟ್ಟು, “ಯಾರು ಮಾಡಿದ್ದು ಇದು?” ಎಂದರು. ತಪ್ಪನ್ನು ಯಂತ್ರದ ಮೇಲೆ ಹಾಕಬಹುದಿತ್ತು.

“ನಾನು,” ಎಂದೆ. ಅವರು ನನ್ನನ್ನೂ ಪಟ್ಟಿಯನ್ನೂ ನೋಡಿ, ಕೊನೆಗೆ ತೆಗೆದುಕೊಂಡರು.

ವಾಪಸ್ಸು ಬರುವ ಬಸ್ಸಿನಲ್ಲಿ ಅಟೆಂಡರ್ ಕೇಳಿದ. “ಅಂಗಾರೆ ನಮ್ಮುಡ್ಗಿ ಸರ್ಯಾಗೇ ಬರ್ದಿದ್ಲಾ ಮೇಡಮ್ಮೋರೆ?”

“ಅವಳೊಬ್ಬಳೇ ಸರಿಯಾಗಿ ಬರೆದಿದ್ದು.”

ಆತ ಟವೆಲಿನಿಂದ ಮುಖ ಒರೆಸಿಕೊಂಡ. “ನಾಳೆ ಎಲ್ರ ಮುಂದೆ ಇದೊಂದ್ಮಾತು ಹೇಳ್ಬುಡಿ.”

ಹೇಳಿದೆ. ಹೇಳುವಾಗ ನನ್ನ ತಪ್ಪನ್ನೂ ಸೇರಿಸಿಯೇ ಹೇಳಬೇಕಾಯಿತು.