ಬಸುವಿನ ಕಣ್ಣು ಬಿಟ್ಟ ಫೋಟೋ

ಹೊನ್ನಾಳಿಯಲ್ಲಿ ಮನುಷ್ಯನೊಬ್ಬನ ಫೋಟೋ ತೆಗೆಯಬೇಕಾದರೆ ಒಂದೋ ಅವನ ಮದುವೆಯಾಗಬೇಕಿತ್ತು, ಇಲ್ಲವೇ ಅವನು ಸಾಯಬೇಕಿತ್ತು. ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದ ಮಾತು ಇದು. ಮದುವೆಯದು ತಪ್ಪಿದರೂ ತಪ್ಪೀತು, ಎರಡನೆಯದು ತಪ್ಪುತ್ತಿರಲಿಲ್ಲ. ನಮ್ಮ ಪೈಕಿ ಹೋದವರನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆಗ ಸ್ಟುಡಿಯೋದವನು ಸ್ಟ್ಯಾಂಡು ಹೊತ್ತು ಬರುತ್ತಿದ್ದ. ಮನೆಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನಮ್ಮ ಮನೆಯ ಗೋಡೆಯ ಮೇಲಿದ್ದ ಅಜ್ಜನೂ ಹಾಗೇ ಕೂತಿದ್ದ. ಕಣ್ಣು ಮುಚ್ಚಿತ್ತು, ಗದ್ದಕ್ಕೆ ಬಟ್ಟೆ ಕಟ್ಟಿತ್ತು. ಅಜ್ಜಿ ದಿನಾ ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದಳು. ನಾನೂ ತಮ್ಮ ಬಸುವೂ ಸಂಜೆಯಾದ ಮೇಲೆ ಆ ಗೋಡೆಯ ಕಡೆ ನೋಡುತ್ತಿರಲಿಲ್ಲ. ಅಪ್ಪನಿಗೂ ಆ ಫೋಟೋ ಕಂಡರೆ ಆಗುತ್ತಿರಲಿಲ್ಲ.

"ಇದೊಂದು ಫೋಟೋನಾ? ನನ್ನ ಮನೇಲಿ ಎಲ್ಲಾರದೂ ಕಣ್ಣು ಬಿಟ್ಟಿರೋ ಫೋಟೋ ಇರಬೇಕು," ಎನ್ನುತ್ತಿದ್ದ.

ಅಪ್ಪ ಟೈಲರ್. ಪೇಟೆಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಹೊಸ ಬಟ್ಟೆಯ ಗಂಜಿವಾಸನೆ, ಇಸ್ತ್ರಿಪೆಟ್ಟಿಗೆಯ ಇದ್ದಿಲಿನ ಹೊಗೆ, ಮಿಷನ್ ಎಣ್ಣೆ, ಇಷ್ಟೂ ಸೇರಿದ್ದೇ ನಮ್ಮ ಮನೆಯ ವಾಸನೆ. ಒಂದು ಮದುವೆ ಸೀಸನ್ ಚೆನ್ನಾಗಿ ಆದ ವರ್ಷ ಅಪ್ಪ ಕ್ಯಾಮೆರಾ ತರುವುದೆಂದು ಹಟ ಹಿಡಿದು, ಅವ್ವನನ್ನೂ ನನ್ನನ್ನೂ ಕಟ್ಟಿಕೊಂಡು ದಾವಣಗೆರೆ ಬಸ್ಸು ಹತ್ತಿದ.

ಅಂಗಡಿಯವನು ಎರಡು ಕ್ಯಾಮೆರಾ ತೆಗೆದು ಮುಂದಿಟ್ಟ. ನಮಗೆ ಮೂವರಿಗೂ ಅದರ ಗಂಧಗಾಳಿ ಇಲ್ಲ. ಅವ್ವ ಬಿಂದಿಗೆ ಕೊಳ್ಳುವಾಗ ಮಾಡುವಂತೆ ಬೆರಳ ಗಿಣ್ಣಿನಿಂದ ಒಂದನ್ನು ಟಕ್ ಟಕ್ ಎಂದು ಬಡಿದು ಕಿವಿಗೊಟ್ಟಳು. ಅಂಗಡಿಯವನು, "ಅಮ್ಮಾ, ಅದು ಪಾತ್ರೆ ಅಲ್ರೀ!" ಎಂದು ಕೂಗಿಕೊಂಡ. ಅಪ್ಪ ಮಾತ್ರ ಕ್ಯಾಮೆರಾ ಬಿಟ್ಟು ಅದರ ಚರ್ಮದ ಚೀಲವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ಹೊಲಿಗೆ ನೋಡು ಹೆಂಗೈತೆ, ಒಂದು ಕಡೆನೂ ಅಂಕುಡೊಂಕಿಲ್ಲ. ಚೀಲಾನೇ ಇಷ್ಟು ಚೆನ್ನಾಗಿ ಹೊಲಿಸಿದೋರು ಒಳಗಿಂದು ಕೆಟ್ಟದ್ದು ಮಾಡ್ತಾರಾ?"

ಹೀಗೆ ನಮ್ಮ ಕ್ಯಾಮೆರಾ ಹೊಲಿಗೆಯಲ್ಲಿ ಪಾಸಾಗಿ ಮನೆಗೆ ಬಂತು. ಬರುವಾಗ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ ಅಪ್ಪ, ಎಣ್ಣೆ ಕೈಯಲ್ಲಿ ಚೀಲ ಮುಟ್ಟೀರಿ ಎಂದು ದಾರಿಯುದ್ದಕ್ಕೂ ನಮ್ಮನ್ನು ಗದರಿಸುತ್ತಲೇ ಇದ್ದ.

ಆಮೇಲಿನ ಜೋಪಾನವನ್ನು ಏನೆಂದು ಹೇಳಲಿ! ಹೆತ್ತ ಮಕ್ಕಳಿಗೆ ಇಲ್ಲದ ಉಪಚಾರ. ಅದರ ಜಾಗ ಅವ್ವನ ಟ್ರಂಕಿನೊಳಗೆ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಪಕ್ಕ. ಒರೆಸಲು ತೊಳೆದು ತೊಳೆದು ಮೆತ್ತಗಾದ ಹಳೇ ಪಂಚೆಯ ಚೂರು. ತೆಗೆದಾಗ ನಾವು ಬಗ್ಗಿ ನೋಡಿದರೆ, "ಉಸಿರು ಬಿಡಬ್ಯಾಡ್ರೋ, ಗಾಜಿಗೆ ತ್ಯಾವ ಹಿಡೀತೈತೆ," ಎಂದು ಅಪ್ಪ ಕೂಗುತ್ತಿದ್ದ. ನಾವು ಮೂಗು ಹಿಡಿದುಕೊಂಡು ನೋಡುತ್ತಿದ್ದೆವು. ಅದರ ಬೆನ್ನಿಗೆ ಒಂದು ಕೆಂಪು ಕಿಟಕಿ, ರೋಲು ತಿರುಗಿಸಿದಂತೆ ಅದರಲ್ಲಿ ಅಂಕಿ ಬರುತ್ತಿತ್ತು. ಖಾಲಿಯಾದ ರೋಲಿನ ಸುರುಳಿ ಬಸುವಿನ ಪಾಲು. ಬೆಂಕಿಪೊಟ್ಟಣಕ್ಕೆ ಅದನ್ನೇ ಗಾಲಿ ಮಾಡಿ, ಬಾಯಲ್ಲಿ ಬುರ್ ಎನ್ನುತ್ತಾ ಪಡಸಾಲೆಯ ತುಂಬ ಬಸ್ಸು ಓಡಿಸುತ್ತಿದ್ದ.

ಬಸುವಿಗೆ ಆಗ ಐದು ತುಂಬುತ್ತಿತ್ತು. ಕಾಲಲ್ಲಿ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಮೊದಲ ರೋಲು ತೊಳೆಸಿ ತಂದಾಗ ಅವ್ವ ಇದ್ದಳು, ಅಜ್ಜಿ ಇದ್ದಳು, ಕೊಟ್ಟಿಗೆಯ ಎಮ್ಮೆ ಕೂಡ ಕಿವಿ ನಿಮಿರಿಸಿ ಚೆಂದ ನಿಂತಿತ್ತು. ಬಸುವಿನದು ಮಾತ್ರ ಫೋಟೋದಲ್ಲಿ ಅಂಗಿ ಚಡ್ಡಿಯಷ್ಟೇ ಮೂಡಿತ್ತು, ಕುತ್ತಿಗೆಯ ಮೇಲೆ ಮುಖದ ಬದಲು ಬಿಳೀ ಗೀಟು. ಬಟನ್ ಒತ್ತುವ ಗಳಿಗೆಗೆ ತಲೆ ಅಲ್ಲಾಡಿಸಿದ್ದ. ಎರಡನೆಯ ರೋಲಿನಲ್ಲೂ ಅದೇ ಹಾಡು. "ಎಮ್ಮಿಗಿರೋ ಬುದ್ಧಿ ನಿನಗಿಲ್ಲವಲ್ಲೋ," ಎಂದು ಅಪ್ಪ ಅವನ ಕಿವಿ ಹಿಂಡಿದ. ಬಸು ಕಿಲಕಿಲ ನಕ್ಕು ಓಡಿಹೋದ.

ಆ ವರ್ಷ ಆಯುಧಪೂಜೆಗೆ ಹೊಲಿಗೆ ಮಿಷನ್ನು, ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಕ್ಯಾಮೆರಾವೂ ಮಣೆಯ ಮೇಲೆ ಕೂತಿತು. ಪೂಜೆ ಅಜ್ಜಿಯದು. ಬೆಳಿಗ್ಗೆ ನಮಗೆ ಎಣ್ಣೆನೀರು ಹಾಕಿ, ಕಣ್ಣಿಗೆ ತಂಪೆಂದು ಒಂದೊಂದು ತೊಟ್ಟು ಹರಳೆಣ್ಣೆ ಬಿಟ್ಟಿದ್ದಳು. ನಾವಿನ್ನೂ ಕಣ್ಣು ಉಜ್ಜಿಕೊಳ್ಳುತ್ತಿದ್ದೆವು. ಅಪ್ಪ ಬಚ್ಚಲಲ್ಲಿದ್ದ. ಅಜ್ಜಿ ಮಿಷನ್ನು ಒರೆಸಿ, ಕತ್ತರಿ ಒರೆಸಿ, ಕ್ಯಾಮೆರಾದ ಚೀಲದ ಗುಂಡಿ ಬಿಚ್ಚಿದಳು. ದುಂಡನೆಯ ಗಾಜನ್ನು ಸ್ವಲ್ಪ ಹೊತ್ತು ನೋಡಿದಳು.

"ಇದೂ ಕಣ್ಣೇ ಅಲ್ವಾ? ಮನೆ ಮಂದಿನೆಲ್ಲ ನೋಡಿ ನೋಡಿ ಉರಿ ಬಂದಿರತೈತೆ, ಪಾಪ," ಎಂದಳು. ಹರಳೆಣ್ಣೆಯ ಬೆರಳಿಂದ ಆ ಗಾಜನ್ನು ಮೆಲ್ಲಗೆ ಸವರಿದಳು. ಮೇಲೆ ಮೂರು ಬೆರಳ ವಿಭೂತಿ ಎಳೆದು ಕುಂಕುಮ ಇಟ್ಟಳು. ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಕಣ್ಣಿಗೆ ಬಿಟ್ಟಂತೆ ಅದರ ಕಣ್ಣಿಗೂ ಬಿಟ್ಟಳು, ಅಷ್ಟೇ.

ಮಾರನೆಯ ದಿನ ವಿಜಯದಶಮಿ. ಅಪ್ಪ ಹೊಸ ರೋಲು ಹಾಕಿ, ಗಾಜಿನ ಮೇಲಿನ ವಿಭೂತಿಯನ್ನು ಪಂಚೆಯ ಚೂರಿನಿಂದ ನಯವಾಗಿ ಒರೆಸಿದ. ಗಾಜು ಫಳಫಳ ಹೊಳೆಯಿತು. ಇಣುಕಿ ನೋಡುವ ಕಂಡಿ ಬೇರೆಯೇ ಇದ್ದುದರಿಂದ ಅಪ್ಪನಿಗೆ ಎಲ್ಲವೂ ಸ್ವಚ್ಛವಾಗಿಯೇ ಕಂಡಿತು. ಬಸುವಿಗೆ ಹೊಸ ಬಿಳೀ ಅಂಗಿ ತೊಡಿಸಿ ಕುರ್ಚಿಯ ಮೇಲೆ ಕೂರಿಸಿದ್ದಾಯಿತು. ಅವ್ವ ಅವನ ಬಾಯಿಗೆ ದೊಡ್ಡ ಬೆಲ್ಲದ ಉಂಡೆ ತುರುಕಿದಳು. ನಾನು ಕುರ್ಚಿಯ ಕೆಳಗೆ ತೂರಿ ಅವನ ಎರಡೂ ಕಾಲು ಹಿಡಿದುಕೊಂಡೆ.

"ಅಕ್ಕಾ, ಕಚಗುಳಿ ಇಡಬ್ಯಾಡ," ಎಂದ ಬೆಲ್ಲದ ಬಾಯಲ್ಲಿ.

"ಇಡಲ್ಲ, ಅಪ್ಪನ್ನ ನೋಡು."

ಟಕ್ ಎಂದಿತು. ಅಪ್ಪ ಅಲ್ಲಿಂದಲೇ ಕುಣಿದ. "ಸಿಕ್ಕಿಬಿದ್ದ ಮಗ! ರೆಪ್ಪೆ ಸೈತ ಹೊಡೀಲಿಲ್ಲ! ಕಣ್ಣು ಇಷ್ಟಗಲ ಬಿಟ್ಕಂಡು ಕುಂತಿದ್ದ!"

ಅವ್ವ ಅವತ್ತೇ, "ತೊಳಸ್ಕಂಡು ಬರ್ರಿ," ಎಂದಳು. ರೋಲು ಪೂರ್ತಿ ಮುಗಿಯದೆ ತೊಳೆಸುವುದುಂಟೇ? ಆ ಕಾಲದಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ದೀಪಾವಳಿ ಬರಲಿ, ಅತ್ತೆಯ ಮಗಳ ಮದುವೆ ಬರಲಿ ಎಂದು ರೋಲು ಒಳಗೇ ಉಳಿಯಿತು.

ಕಾರ್ತಿಕ ಮುಗಿದು ಚಳಿ ಬಿದ್ದ ಮೇಲೆ ಬಸುವಿಗೆ ಜ್ವರ ಬಂತು. ಮೊದಲು ಕಷಾಯ, ಆಮೇಲೆ ಆಸ್ಪತ್ರೆ, ಮೈ ಸೆಟೆದುಕೊಂಡಾಗ ಶಿವಮೊಗ್ಗ. ಮೆದುಳು ಜ್ವರ ಎಂದರಂತೆ. ಮನೆಯಲ್ಲಿ ನಾನೂ ಅಜ್ಜಿಯೂ ಇದ್ದೆವು. ಒಂದು ಮಧ್ಯಾಹ್ನ ಮನೆ ಮುಂದೆ ಬಾಡಿಗೆ ಕಾರು ನಿಂತಿತು. ಅಪ್ಪ ಇಳಿದ ರೀತಿ ನೋಡಿಯೇ ಅಜ್ಜಿ ಎದೆ ಬಡಿದುಕೊಂಡಳು. ನಾನು ಮಾತ್ರ ಬಸು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು, ಎಚ್ಚರವಾದೀತೆಂದು ಮೆಲ್ಲಗೆ ಹತ್ತಿರ ಹೋದೆ.

ಪಡಸಾಲೆಯಲ್ಲಿ ಅವ್ವ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಗೆ ಒರಗಿದ್ದಳು. ಹಣೆಗೆ ವಿಭೂತಿ ಹಚ್ಚಿದರು. ಓಣಿಯೆಲ್ಲ ತುಂಬಿತು. ದೊಡ್ಡಪ್ಪ ಸ್ಟುಡಿಯೋದವನಿಗೆ ಹೇಳಿ ಕಳಿಸಿದ್ದ. ಅವನು ಸೈಕಲ್ಲಿಗೆ ಸ್ಟ್ಯಾಂಡು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ. ಅಪ್ಪ ಎದ್ದು ಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

"ಬ್ಯಾಡ್ರೀ. ಹೋಗ್ರಿ."

"ಏನೋ ಇದು? ಒಂದು ನೆನಪಿಗೆ ಬ್ಯಾಡೇನೋ?" ಎಂದ ದೊಡ್ಡಪ್ಪ.

"ನನ್ನ ಮಗನ್ನ ಹಿಂಗೆ ಗೋಡೆಗೆ ಹಾಕಾಕೆ ಆಗಲ್ಲಣ್ಣ. ಕಣ್ಣು ಬಿಟ್ಟಿರೋದು ಐತೆ. ಟ್ರಂಕಿನಾಗೆ ಐತೆ."

ಅವ್ವ ಕೂತಲ್ಲಿಂದಲೇ ಕೈಮುಗಿದಳು. "ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಅದೂ ಇರಲಿ, ಇದೂ ಇರಲಿ. ಒಂದು ತೆಗೀಲಿ ಬಿಡ್ರೀ."

ಅಪ್ಪ ಒಪ್ಪಲಿಲ್ಲ. ಸ್ಟುಡಿಯೋದವನು ಸೈಕಲ್ ತಿರುಗಿಸಿಕೊಂಡ. ಸಂಜೆಯೊಳಗೆ ಬಸುವನ್ನು ಹೊತ್ತುಕೊಂಡು ಹೋಗಿ ಮಣ್ಣು ಕೊಟ್ಟು ಬಂದರು.

ಕಾರ್ಯ ಮುಗಿದ ಮೇಲೆ ಅಪ್ಪ ಕ್ಯಾಮೆರಾ ಎದೆಗೆ ಅವಚಿಕೊಂಡು ಅದೇ ಸ್ಟುಡಿಯೋಕ್ಕೆ ಹೊರಟ. ನಾನೂ ಹಿಂದೆ ಹೋದೆ. ಉಳಿದ ಫಿಲ್ಮು ಹಾಳಾದರೆ ಆಗಲಿ ಎಂದು ಹಾಗೇ ಸುತ್ತಿ ಕೊಟ್ಟ. ನಾವು ಹೊರಗೆ ಬೆಂಚಿನ ಮೇಲೆ ಕಾದೆವು. ಒಳಗಿಂದ ಔಷಧಿಯ ಹುಳಿವಾಸನೆ ಬರುತ್ತಿತ್ತು. ಚೌಕಟ್ಟು ಎಷ್ಟು ದೊಡ್ಡದು ಹಾಕಿಸಲಿ ಎಂದು ಅಪ್ಪ ನನ್ನನ್ನು ಕೇಳಿದ. ನಾನು ಎರಡೂ ಕೈ ಅಗಲಿಸಿ ತೋರಿಸಿದೆ.

ಸ್ಟುಡಿಯೋದವನು ಹೊರಗೆ ಬಂದು ಫಿಲ್ಮನ್ನು ಬೆಳಕಿಗೆ ಹಿಡಿದ, ಇನ್ನೊಂದು ಸಲ ಹಿಡಿದ. ಆಮೇಲೆ ಕ್ಯಾಮೆರಾ ತೆಗೆದುಕೊಂಡು ಗಾಜನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿದ.

"ಯಜಮಾನ್ರೇ, ಇದಕ್ಕೆ ಎಣ್ಣೆ ಏನಾದ್ರೂ ತಾಗಿತ್ತಾ?"

ಅಪ್ಪ ನನ್ನ ಮುಖ ನೋಡಿದ. ಅಜ್ಜಿ ಹರಳೆಣ್ಣೆ ಬಿಟ್ಟಿದ್ದಳು ಎಂದು ನಾನೇ ಹೇಳಿದೆ. ಅಪ್ಪ ತಾನು ಒರೆಸಿದ್ದಾಗಿ ಎರಡು ಮೂರು ಸಲ ಹೇಳಿದ. ಒರೆಸಿ ಒರೆಸಿಯೇ ಎಣ್ಣೆಯೂ ವಿಭೂತಿಯೂ ಕಲೆತು ಗಾಜಿನ ತುಂಬ ಹರಡಿತ್ತು. ಅಷ್ಟಾದರೂ ಸ್ಟುಡಿಯೋದವನು ಕೈಲಾದ ಮಟ್ಟಿಗೆ ಒಂದು ಪ್ರಿಂಟು ಹಾಕಿ ಕೊಟ್ಟ. ಕುರ್ಚಿಯ ಕಾಲುಗಳ ಗುರುತು ಸಿಗುತ್ತಿತ್ತು. ಅಂಗಿಯ ಬಿಳುಪು ಹರಡಿಕೊಂಡು ಮೇಲೆಲ್ಲ ಮೊಸರಿನಂಥ ಬೆಳಕು. ಮುಖ ಎಲ್ಲೂ ಇರಲಿಲ್ಲ. ಅಪ್ಪ ಪೇಟೆಯ ನಡುವೆ, ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೆಯೇ, ಗೊಳೋ ಎಂದು ಅತ್ತ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನ್ನ ಭುಜ ಹಿಡಿದು ನಿಲ್ಲಿಸಿದ. "ಎಣ್ಣೆ ವಿಷಯ ಅಜ್ಜಿಗೆ ಹೇಳಬ್ಯಾಡ ಕಣವ್ವಾ. ಸತ್ತೇಹೋಗ್ತಾಳೆ." ಅಜ್ಜಿಗೆ ನಾವು ಯಾರೂ ಹೇಳಲಿಲ್ಲ. ಮುಂದಿನ ದಸರೆಯಲ್ಲಿ ಅವಳು, "ಆ ಫೋಟೋದ್ದು ತಾರೋ," ಎಂದಳು. ಅಪ್ಪ ಕ್ಯಾಮೆರಾ ತಂದು ಮಣೆಯ ಮೇಲಿಟ್ಟ. ಅವಳು ಮತ್ತೆ ಅದರ ಕಣ್ಣಿಗೆ ಎಣ್ಣೆ ಸವರಿದಳು. ಅಪ್ಪ ತಡೆಯಲಿಲ್ಲ. ಆ ಕ್ಯಾಮೆರಾಕ್ಕೆ ಅವನು ಮತ್ತೆಂದೂ ರೋಲು ಹಾಕಲಿಲ್ಲ. ಅಜ್ಜಿ ಹೋದಾಗ ಸ್ಟುಡಿಯೋದವನನ್ನು ತಾನೇ ಹೋಗಿ ಕರೆತಂದ.

ಅವ್ವ ಅಪ್ಪನೊಂದಿಗೆ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು. ಒಬ್ಬರ ಮುಂದೆ ಒಬ್ಬರು ಬಸುವಿನ ಹೆಸರನ್ನು ಮಾತ್ರ ಎತ್ತಲಿಲ್ಲ. ಅಪ್ಪ ಹಾಗೇ ಹೋದ. ಇವತ್ತು ನನ್ನ ಮೊಮ್ಮಗಳು ಹಲ್ಲುಜ್ಜಿದ್ದಕ್ಕೂ ಫೋಟೋ, ಉಪ್ಪಿಟ್ಟು ತಿಂದದ್ದಕ್ಕೂ ಫೋಟೋ. ಫೋನು ತುಂಬಿತೆಂದು ಮಗ ಬೈಯುತ್ತಾ ಅಳಿಸುತ್ತಾನೆ. ಹಾಗೆ ಅಳಿಸುವುದನ್ನು ಕಂಡರೆ ನನಗೆ ಅಲ್ಲಿ ಕೂರಲು ಆಗುವುದಿಲ್ಲ, ಎದ್ದು ಒಳಗೆ ಹೋಗುತ್ತೇನೆ.

ಅವ್ವ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ತಡೆದಳು.

"ಬಸು ನಕ್ಕರೆ ಗುಳಿ ಬೀಳ್ತಿತ್ತಲ್ಲ, ಅದು ಯಾವ ಕೆನ್ನೇಗೆ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಅವನ ದನಿ ಬಂತು, ಬೆಲ್ಲದ ವಾಸನೆ ಬಂತು, ನಾನು ಹಿಡಿದಿದ್ದ ಕಾಲುಗಳು ಬಂದವು. ಗುಳಿ ಬೀಳುತ್ತಿತ್ತೆಂಬುದೇ ನನಗೆ ನೆನಪಿರಲಿಲ್ಲ.

"ಎಡಗೆನ್ನೇಗೆ ಕಣವ್ವಾ," ಎಂದೆ.

"ಹೌದಾ?" ಎಂದಳು ಅವ್ವ. ಅಷ್ಟು ಹೊತ್ತು ಬಲಗೆನ್ನೆಯ ಮೇಲೆ ಇಟ್ಟುಕೊಂಡಿದ್ದ ಬೆರಳನ್ನು ತೆಗೆದು ಎಡಗೆನ್ನೆಯ ಮೇಲೆ ಇಟ್ಟುಕೊಂಡಳು.